ಕಪ್ಪೆಮೊಟ್ಟೆಯೊಳಗಿನ ವಲಸೆ: ಮೂರು ಪದರಗಳಿಂದ ಒಂದು ದೇಹ

ಮುಂಗಾರು ಕಾಲೂರಿ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿಯತೊಡಗಿದರೆ ಗಂಗಾವತಿ ತಾಲ್ಲೂಕಿನ ಮರಳಿ ಸುತ್ತಮುತ್ತಲ ಗದ್ದೆಬಯಲಿನಲ್ಲಿ ಎರಡು ಬಗೆಯ ಕೆಲಸಗಳು ಒಟ್ಟಿಗೇ ಆರಂಭವಾಗುತ್ತವೆ. ಒಂದು, ರೈತರ ಭತ್ತದ ನಾಟಿ. ಇನ್ನೊಂದು, ಕಪ್ಪೆಗಳ ಸಂತಾನೋತ್ಪತ್ತಿ. ಮೊದಲನೆಯದು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಎರಡನೆಯದು ರಾತ್ರಿಯಿಡೀ ಕೇಳುವ ವಟಗುಟ್ಟುವಿಕೆಯಾಗಿ ಮಾತ್ರ ನಮ್ಮ ಅರಿವಿಗೆ ಬರುತ್ತದೆ.

ಮಳೆಗಾಲದಲ್ಲಿ ಮೈಯೆಲ್ಲ ಅರಿಶಿನ ಬಳಿದಂತೆ ಹಳದಿಯಾಗುವ ಗಂಡು ಗೂಳಿ ಕಪ್ಪೆ, ಮಣಿಸರದಂತೆ ಉದ್ದನೆಯ ಲೋಳೆಯ ಎಳೆಗಳಲ್ಲಿ ಮೊಟ್ಟೆಯಿಡುವ ನೆಲಗಪ್ಪೆ, ಹೆಬ್ಬೆರಳ ತುದಿಯಷ್ಟೇ ಇರುವ ಸಣ್ಣಬಾಯಿ ಕಪ್ಪೆ ಮುಂತಾದವು ರಾಜ್ಯದ ಬಯಲುಸೀಮೆಯ ನೀರು ನಿಂತ ತಾಣಗಳಲ್ಲಿ ಸಾಮಾನ್ಯ. ಅವು ಇಡುವ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಗಟ್ಟಿ ಚಿಪ್ಪಿಲ್ಲ. ಪಾರದರ್ಶಕವಾದ ಲೋಳೆಯ ಹೊದಿಕೆಯೊಳಗೆ ಸಾಸಿವೆ ಕಾಳಿನಷ್ಟು ಗಾತ್ರದ, ಮೇಲ್ಭಾಗ ಕಪ್ಪಗೂ ಕೆಳಭಾಗ ಬಿಳುಪಾಗಿಯೂ ಇರುವ ಒಂದು ಗುಂಡು. ಅಷ್ಟೇ.

ಆ ಗುಂಡಿಗೆ ತಲೆ, ಬಾಲ, ಬೆನ್ನು, ಹೊಟ್ಟೆ ಯಾವುದೂ ಇರುವುದಿಲ್ಲ. ಆದರೆ ಎರಡು ಮೂರು ದಿನಗಳೊಳಗೆ ಅದರಿಂದ ಬಾಲವಾಡಿಸುವ ಗೊದಮೊಟ್ಟೆ ಹೊರಬರುತ್ತದೆ. ಈ ನಡುವೆ ಏನಾಯಿತು? ಉತ್ತರ ಹುಡುಕಲು ಜೀವವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಶ್ರಮಿಸಿದ್ದಾರೆ. ಅವರು ಕಂಡುಕೊಂಡ ಸಂಗತಿ ಕಪ್ಪೆಗೆ ಮಾತ್ರ ಸಂಬಂಧಿಸಿದ್ದಲ್ಲ. ತಾಯಿಯ ಗರ್ಭದಲ್ಲಿ ಮೂರನೆಯ ವಾರ ಕಳೆಯುವ ಪ್ರತಿಯೊಂದು ಮಾನವ ಭ್ರೂಣಕ್ಕೂ ಅದು ಸಂಬಂಧಿಸಿದೆ.

ಮೊದಲು ವಿಭಜನೆ, ಆಮೇಲೆ ಚಲನೆ

ಕಪ್ಪೆಯ ಭ್ರೂಣದ ಕುರಿತು ನಮಗಿರುವ ಹೆಚ್ಚಿನ ತಿಳಿವಳಿಕೆ ಬಂದಿರುವುದು ಆಫ್ರಿಕಾ ಮೂಲದ ಜೆನೋಪಸ್ ಲೇವಿಸ್ ಎಂಬ, ಕಾಲಿನಲ್ಲಿ ಉಗುರುಗಳುಳ್ಳ ಕಪ್ಪೆಯಿಂದ. ಇದು ಜಗತ್ತಿನ ಪ್ರಯೋಗಾಲಯಗಳಿಗೆ ಹರಡಿದ ಹಿನ್ನೆಲೆಯೂ ಸ್ವಾರಸ್ಯಕರ. ಗರ್ಭಿಣಿಯ ಮೂತ್ರದ ಅಂಶವನ್ನು ಹೆಣ್ಣು ಕಪ್ಪೆಗೆ ಚುಚ್ಚಿದರೆ ಅದು ಮೊಟ್ಟೆಯಿಡುತ್ತದೆ ಎಂಬುದು 1930ರ ದಶಕದಲ್ಲಿ ತಿಳಿಯಿತು. ಆನಂತರ ಕೆಲವು ದಶಕಗಳ ಕಾಲ ಗರ್ಭಪರೀಕ್ಷೆಗೆಂದೇ ಆಸ್ಪತ್ರೆಗಳು ಈ ಕಪ್ಪೆಯನ್ನು ಸಾಕಿದವು. ಬೇಕೆಂದಾಗ ಮೊಟ್ಟೆ ದೊರೆಯುವ ಈ ಪ್ರಾಣಿ ಭ್ರೂಣವಿಜ್ಞಾನಿಗಳಿಗೆ ವರವಾಯಿತು.

ಜೆನೋಪಸ್‌ನ ಮೊಟ್ಟೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ವೀರ್ಯಾಣು ಒಳಹೊಕ್ಕ ಮೇಲೆ ಮೊಟ್ಟೆಯ ಹೊರಗಿನ ತೆಳುಪೊರೆ ಒಳಗಿನ ದ್ರವ್ಯದ ಮೇಲೆ ಸುಮಾರು 30 ಡಿಗ್ರಿಯಷ್ಟು ಜರುಗುತ್ತದೆ. ಈ ಸಣ್ಣ ಜರುಗುವಿಕೆಯೇ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂಬುದನ್ನು ನಿರ್ಧರಿಸುತ್ತದೆ. ಸಾಮಾನ್ಯವಾಗಿ ವೀರ್ಯಾಣು ಹೊಕ್ಕ ಜಾಗದ ಎದುರು ಬದಿ ಬೆನ್ನಾಗುತ್ತದೆ.

ಸುಮಾರು ಒಂದೂವರೆ ಗಂಟೆಗೆ ಮೊಟ್ಟೆ ಎರಡು ಕೋಶಗಳಾಗಿ ಸೀಳುತ್ತದೆ. ಅನಂತರ ಅರ್ಧ ಗಂಟೆಗೊಮ್ಮೆ ವಿಭಜನೆ ನಡೆದು ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹೆಚ್ಚುತ್ತವೆ. ಹನ್ನೆರಡು ಬಾರಿ ವಿಭಜನೆಯಾದಾಗ ಕೋಶಗಳ ಸಂಖ್ಯೆ ನಾಲ್ಕು ಸಾವಿರದ ಆಸುಪಾಸಿಗೆ ಮುಟ್ಟುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಹಂತದಲ್ಲಿ ಭ್ರೂಣ ಬೆಳೆಯುವುದಿಲ್ಲ. ಇದ್ದ ದ್ರವ್ಯವೇ ಸಣ್ಣ ಸಣ್ಣ ಪಾಲಾಗುತ್ತದೆ. ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಬುತ್ತಿಯ ಮೇಲೆಯೇ ಇಷ್ಟೂ ಕೆಲಸ ನಡೆಯುತ್ತದೆ. ಭ್ರೂಣದ ಸ್ವಂತ ವಂಶವಾಹಿಗಳು ದೊಡ್ಡ ಪ್ರಮಾಣದಲ್ಲಿ ಕೆಲಸ ಆರಂಭಿಸುವುದು ಈ ಹಂತದ ಕೊನೆಯಲ್ಲಿ.

ಈಗ ಭ್ರೂಣವೆಂದರೆ ಒಳಗೆ ಪೊಳ್ಳು ಇರುವ ಒಂದು ಚೆಂಡು. ಅದಕ್ಕೆ ಬ್ಲಾಸ್ಟುಲಾ ಎಂದು ಹೆಸರು. ಮೇಲ್ಭಾಗದಲ್ಲಿ ಕಪ್ಪು ಬಣ್ಣದ ಸಣ್ಣ ಕೋಶಗಳ ಛಾವಣಿ, ಕೆಳಭಾಗದಲ್ಲಿ ಪೋಷಕ ದ್ರವ್ಯ ತುಂಬಿದ ದೊಡ್ಡ ದೊಡ್ಡ ಬಿಳಿ ಕೋಶಗಳ ರಾಶಿ, ಇವೆರಡರ ನಡುವೆ ಸುತ್ತಲೂ ಒಂದು ಪಟ್ಟಿ. ಇಲ್ಲಿ ಒಂದು ತೊಡಕಿದೆ. ಮುಂದೆ ಕರುಳಾಗಬೇಕಾದ ಕೋಶಗಳು ಕೆಳಗೆ ಹೊರಮೈಗೆ ತೆರೆದುಕೊಂಡಿವೆ. ಸ್ನಾಯು, ಮೂಳೆ, ಹೃದಯ, ರಕ್ತವಾಗಬೇಕಾದವು ನಡುಪಟ್ಟಿಯಲ್ಲಿವೆ. ಅವೆಲ್ಲವೂ ಒಳಗೆ ಹೋಗಬೇಕು. ಚರ್ಮವಾಗಬೇಕಾದವು ಹೊರಗೆಲ್ಲ ಹರಡಿಕೊಳ್ಳಬೇಕು. ಅಂದರೆ ಸಾವಿರಾರು ಕೋಶಗಳು ಇದ್ದ ಊರು ಬಿಟ್ಟು ತಮ್ಮ ತಮ್ಮ ನೆಲೆಗೆ ವಲಸೆ ಹೋಗಬೇಕು. ಈ ಮಹಾವಲಸೆಗೆ ಗ್ಯಾಸ್ಟ್ರುಲೇಷನ್ ಎನ್ನುತ್ತಾರೆ.

ಬ್ರಿಟನ್ನಿನ ಜೀವವಿಜ್ಞಾನಿ ಲೂಯಿಸ್ ವೋಲ್ಪರ್ಟ್ (1929–2021) ಮನುಷ್ಯನ ಬಾಳಿನಲ್ಲಿ ಹುಟ್ಟು, ಮದುವೆ, ಸಾವುಗಳಿಗಿಂತಲೂ ಮಹತ್ವದ ಗಳಿಗೆ ಈ ಗ್ಯಾಸ್ಟ್ರುಲೇಷನ್ ಎಂದು ಹೇಳುತ್ತಿದ್ದರು. ಅವರು ಮೊದಲು ಓದಿದ್ದು ಸಿವಿಲ್ ಎಂಜಿನಿಯರಿಂಗ್ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಭ್ರೂಣ ಕಟ್ಟುವ ಕೆಲಸವೂ ಒಂದು ಬಗೆಯ ಎಂಜಿನಿಯರಿಂಗೇ ಸರಿ. ಆದರೆ ಇಲ್ಲಿ ಮೇಸ್ತ್ರಿ ಬೇರೆ, ಇಟ್ಟಿಗೆ ಬೇರೆ ಅಲ್ಲ. ಇಟ್ಟಿಗೆಗಳೇ ನಡೆದು ಹೋಗಿ ಗೋಡೆಯಾಗುತ್ತವೆ.

ನಾಲ್ಕು ಬಗೆಯ ನಡೆ

ಜೆನೋಪಸ್‌ನಲ್ಲಿ, 23 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಫಲಿತಗೊಂಡ ಸುಮಾರು ಒಂಬತ್ತು ಗಂಟೆಗೆ ಈ ವಲಸೆ ಆರಂಭವಾಗುತ್ತದೆ. ಮುಂದಿನ ಐದಾರು ಗಂಟೆಗಳಲ್ಲಿ ಮುಗಿಯುತ್ತದೆ. ವೇಗ ಉಷ್ಣತೆಯನ್ನೂ ಕಪ್ಪೆಯ ಜಾತಿಯನ್ನೂ ಅವಲಂಬಿಸಿದೆ. ಆದರೆ ಮೂಲ ಕ್ರಮ ನಮ್ಮ ಗದ್ದೆಯ ಕಪ್ಪೆಗಳಲ್ಲೂ ಇದೇ ಬಗೆಯದು. ಅದರಲ್ಲಿ ನಾಲ್ಕು ನಡೆಗಳನ್ನು ಮುಖ್ಯವಾಗಿ ಗುರುತಿಸಬಹುದು.

ಮೊದಲನೆಯದು ಬಾಯಿ ತೆರೆಯುವಿಕೆ. ಬೆನ್ನಾಗಲಿರುವ ಬದಿಯಲ್ಲಿ, ಸಮಭಾಜಕಕ್ಕಿಂತ ಸ್ವಲ್ಪ ಕೆಳಗೆ, ಕೆಲವು ಕೋಶಗಳು ತಮ್ಮ ಹೊರತುದಿಯನ್ನು ಬಿಗಿಯಾಗಿ ಸಂಕುಚಿಸಿಕೊಳ್ಳುತ್ತವೆ. ಎಲೆಯಡಿಕೆಯ ಚಂಚಿಯ ದಾರ ಎಳೆದರೆ ಬಾಯಿ ಕಿರಿದಾಗಿ ಒಡಲು ಉಬ್ಬುವಂತೆ ಆ ಕೋಶಗಳು ಶೀಶೆಯ ಆಕಾರ ತಾಳುತ್ತವೆ. ಹೀಗಾಗಿ ಅವಕ್ಕೆ ಬಾಟಲ್ ಕೋಶಗಳೆಂದೇ ಹೆಸರು. ಇಲ್ಲಿ ದಾರದ ಕೆಲಸ ಮಾಡುವುದು ಕೋಶದೊಳಗಿನ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳು. ನಮ್ಮ ತೋಳಿನ ಸ್ನಾಯು ಬಿಗಿಯುವುದೂ ಇದೇ ಜೋಡಿಯಿಂದ. ಹಲವು ಕೋಶಗಳು ಒಟ್ಟಿಗೆ ಹೀಗೆ ಮಾಡಿದಾಗ ಮೈಮೇಲೆ ಒಂದು ಸಣ್ಣ ಸೀಳು ಕಾಣಿಸುತ್ತದೆ. ಒಳಗೆ ಹೋಗುವ ಹೆಬ್ಬಾಗಿಲು ಅದು. ಬ್ಲಾಸ್ಟೊಪೋರ್ ಎಂದು ಕರೆಯಲಾಗುವ ಈ ದ್ವಾರ ಮುಂದೆ ಗುದದ್ವಾರದ ಭಾಗವನ್ನು ಸೂಚಿಸುತ್ತದೆ.

ಎರಡನೆಯದು ಒಳಮಡಿಕೆ. ಸೀಳಿನ ತುಟಿಯ ಬಳಿಗೆ ಬಂದ ನಡುಪಟ್ಟಿಯ ಕೋಶಗಳು ಅಂಚಿನಲ್ಲಿ ಮಡಿಸಿಕೊಂಡು ಒಳಗೆ ಇಳಿಯುತ್ತವೆ. ಬಂದ ದಾರಿಗೆ ವಿರುದ್ಧ ದಿಕ್ಕಿನಲ್ಲಿ ಛಾವಣಿಯ ಒಳಮೈಗೆ ಅಂಟಿಕೊಂಡು ತೆವಳುತ್ತ ಮುಂದೆ ಸಾಗುತ್ತವೆ. ಛಾವಣಿಯ ಒಳಮೈ ಬರಿದಾಗಿರುವುದಿಲ್ಲ. ಅಲ್ಲಿ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಜಾಲದಂತೆ ಹಾಸಿರುತ್ತವೆ. ತೆವಳುವ ಕೋಶಗಳಿಗೆ ಕಾಲೂರಲು ಇದೇ ನೆಲೆ. 1980ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಪ್ಪೆಯ ಬಂಧುವಾದ ಸಾಲಮಾಂಡರ್ ಭ್ರೂಣದಲ್ಲಿ ಈ ಪ್ರೋಟೀನು ಕೋಶಗಳಿಗೆ ದಕ್ಕದಂತೆ ತಡೆದರು. ವಲಸೆ ಅಲ್ಲಿಗೇ ನಿಂತಿತು. ಕೋಶಗಳು ಒಳಗೆ ಹೋಗಲಾರದೆ ಹೊರಗೇ ಉಳಿದವು.

ಮೂರನೆಯದು ಹರಡಿಕೆ. ಹೋಳಿಗೆ ಮಾಡುವವರು ಹೂರಣದ ಉಂಡೆಯ ಮೇಲೆ ಕಣಕವನ್ನು ಎಳೆದೆಳೆದು ಎಲ್ಲ ಕಡೆಯಿಂದ ಮುಚ್ಚುವುದನ್ನು ನೋಡಿದ್ದೇವೆ. ಅದೇ ರೀತಿ ಮೇಲಿನ ಕಪ್ಪು ಕೋಶಗಳ ಛಾವಣಿ ತೆಳುವಾಗುತ್ತ, ಅಗಲವಾಗುತ್ತ ಕೆಳಗಿನ ಬಿಳಿ ರಾಶಿಯನ್ನು ಸುತ್ತಲಿಂದ ಆವರಿಸುತ್ತದೆ. ಒಂದರ ಮೇಲೊಂದು ಇದ್ದ ಕೋಶಗಳ ಸಾಲುಗಳು ಪರಸ್ಪರ ನಡುವೆ ತೂರಿಕೊಂಡು ಕಡಿಮೆ ಸಾಲುಗಳಾಗುವುದರಿಂದ ಈ ಹರಡುವಿಕೆ ಸಾಧ್ಯವಾಗುತ್ತದೆ. ಕೊನೆಗೆ ಕೆಳಗಡೆ ಬಿರಡೆಯಂತಹ ಒಂದು ಸಣ್ಣ ಬಿಳಿ ಚುಕ್ಕೆ ಮಾತ್ರ ಉಳಿಯುತ್ತದೆ. ಅದೂ ಕಿರಿದಾಗುತ್ತ ಒಳಗೆ ಮರೆಯಾಗುತ್ತದೆ.

ನಾಲ್ಕನೆಯದೇ ಎಲ್ಲಕ್ಕಿಂತ ಅಚ್ಚರಿಯದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಅಗಲವಾದ ಬಯಲಿನಲ್ಲಿ ಹರಡಿ ನಿಂತ ಜನ ಒಂದು ಇಕ್ಕಟ್ಟಾದ ದಾರಿಯ ಕಡೆಗೆ ಸಾಗಬೇಕಾಯಿತೆನ್ನಿ. ಅಕ್ಕಪಕ್ಕದವರು ಒಬ್ಬರ ನಡುವೆ ಒಬ್ಬರು ತೂರಿಕೊಂಡಂತೆ ಗುಂಪಿನ ಅಗಲ ಕುಗ್ಗುತ್ತದೆ, ಉದ್ದ ಹಿಗ್ಗುತ್ತದೆ. ಒಬ್ಬನೂ ಹೊಸದಾಗಿ ಸೇರಿಲ್ಲ. ಆದರೂ ಸಾಲು ಉದ್ದವಾಗಿದೆ. ಬೆನ್ನಿನ ಬದಿಯ ಕೋಶಗಳು ಮಾಡುವುದೂ ಇದನ್ನೇ. ಅವು ಎಡಬಲಗಳಿಂದ ನಡುಗೆರೆಯತ್ತ ತೂರಿಕೊಂಡು ಬರುತ್ತವೆ. ಪರಿಣಾಮವಾಗಿ ಅಗಲವಾಗಿದ್ದ ಅಂಗಾಂಶ ಕಿರಿದಾಗಿ ತಲೆಯಿಂದ ಬಾಲದವರೆಗೆ ನೀಳವಾಗುತ್ತದೆ. ದುಂಡಗಿನ ಭ್ರೂಣಕ್ಕೆ ಉದ್ದನೆಯ ಮೈ ದೊರೆಯುವುದು ಹೀಗೆ.

ಈ ನಡೆಗೆ ಬೇಕಾದ ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ರೇ ಕೆಲ್ಲರ್ ಸ್ಪಷ್ಟ ಉತ್ತರ ನೀಡಿದರು. ಅವರು 1980ರ ದಶಕದಲ್ಲಿ ಜೆನೋಪಸ್ ಭ್ರೂಣದ ಬೆನ್ನಿನ ಬದಿಯ ಅಂಗಾಂಶವನ್ನು ಕತ್ತರಿಸಿ ತಟ್ಟೆಯಲ್ಲಿಟ್ಟರು. ಎಳೆಯುವವರು, ತಳ್ಳುವವರು ಯಾರೂ ಇಲ್ಲದಿದ್ದರೂ ಆ ತುಣುಕು ತಾನಾಗಿ ನೀಳವಾಯಿತು. ಶಕ್ತಿ ಹೊರಗಿನದಲ್ಲ, ಕೋಶಗಳೊಳಗಿನದೇ ಎಂಬುದು ಇದರಿಂದ ಖಚಿತವಾಯಿತು. ಬಾಟಲ್ ಕೋಶಗಳನ್ನು ತೆಗೆದುಹಾಕಿದರೂ ವಲಸೆ ಬಹುಮಟ್ಟಿಗೆ ಮುಂದುವರಿಯುತ್ತದೆ ಎಂಬುದನ್ನೂ ಅವರು ತೋರಿಸಿದ್ದರು. ಅವು ಬಾಗಿಲು ತೆರೆಯುವವೇ ಹೊರತು ಇಡೀ ಮೆರವಣಿಗೆಯ ಎಂಜಿನ್ ಅಲ್ಲ.

ಮೂರು ಪದರಗಳ ಲೆಕ್ಕ

ವಲಸೆ ಮುಗಿದಾಗ ಭ್ರೂಣದಲ್ಲಿ ಮೂರು ಪದರಗಳು ಸಿದ್ಧವಾಗಿರುತ್ತವೆ. ಹೊರಪದರದಿಂದ ಚರ್ಮದ ಮೇಲ್ಪೊರೆ, ಮಿದುಳು, ಬೆನ್ನುಹುರಿ, ನರಗಳು ಉಂಟಾಗುತ್ತವೆ. ನಡುಪದರದಿಂದ ಸ್ನಾಯು, ಮೂಳೆ, ಹೃದಯ, ರಕ್ತ, ಮೂತ್ರಪಿಂಡಗಳು. ಒಳಪದರದಿಂದ ಅನ್ನನಾಳದಿಂದ ಹಿಡಿದು ಕರುಳಿನವರೆಗಿನ ಒಳಮೈ, ಯಕೃತ್ತು, ಶ್ವಾಸಕೋಶದ ಒಳಪೊರೆ. ಕಪ್ಪೆಯಲ್ಲಿ, ಮೀನಿನಲ್ಲಿ, ಕೋಳಿಯಲ್ಲಿ, ಮನುಷ್ಯನಲ್ಲಿ ಈ ಹಂಚಿಕೆ ಒಂದೇ.

ಪದರಗಳು ಮತ್ತೆ ಕಲಸಿಹೋಗದೆ ಬೇರೆ ಬೇರೆಯಾಗಿ ಉಳಿಯುವುದು ಹೇಗೆ? ಜರ್ಮನಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಯೊಹಾನೆಸ್ ಹೋಲ್ಟ್‌ಫ್ರೆಟರ್ ತಮ್ಮ ಸಹೋದ್ಯೋಗಿ ಫಿಲಿಪ್ ಟೌನ್ಸ್ ಜೊತೆ 1955ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಉಭಯಚರ ಭ್ರೂಣಗಳ ಅಂಗಾಂಶವನ್ನು ಕ್ಷಾರೀಯ ದ್ರಾವಣದಲ್ಲಿಟ್ಟು ಕೋಶಗಳನ್ನು ಬಿಡಿಬಿಡಿಯಾಗಿಸಿದರು. ಬೇರೆ ಬೇರೆ ಪದರಗಳ ಕೋಶಗಳನ್ನು ಒಟ್ಟಿಗೆ ಬೆರೆಸಿದರು. ದ್ರಾವಣವನ್ನು ಮತ್ತೆ ಸಹಜ ಸ್ಥಿತಿಗೆ ತಂದಾಗ ಕೋಶಗಳು ಮೊದಲು ಒಂದೇ ಮುದ್ದೆಯಾದವು. ಬಳಿಕ ತಮ್ಮವರನ್ನು ಹುಡುಕಿಕೊಂಡು ಬೇರ್ಪಟ್ಟವು. ಚರ್ಮದ ಕೋಶಗಳು ಹೊರಗೆ ಬಂದವು, ಇತರವು ಒಳಗೆ ಸೇರಿದವು. ಕೋಶಗಳ ಮೇಲ್ಮೈಯಲ್ಲಿರುವ ಕ್ಯಾಡ್ಹೆರಿನ್ ಎಂಬ ಅಂಟುಪ್ರೋಟೀನುಗಳ ಬಗೆಯೂ ಪ್ರಮಾಣವೂ ಈ ಗುಂಪುಗಾರಿಕೆಗೆ ಒಂದು ಮುಖ್ಯ ಕಾರಣವೆಂದು ಮುಂದೆ ತಿಳಿದುಬಂತು. ಎಣ್ಣೆ ಮತ್ತು ನೀರು ಬೆರೆತರೂ ಬೇರ್ಪಡುವಂತೆ, ಹೆಚ್ಚು ಬಿಗಿಯಾಗಿ ಅಂಟುವ ಕೋಶಗಳು ಒಳಗೂ ಕಡಿಮೆ ಅಂಟುವವು ಹೊರಗೂ ನಿಲ್ಲುತ್ತವೆ.

ಯಾವ ಕೋಶ ಏನಾಗಬೇಕೆಂದು ಹೇಳುವವರಾರು ಎಂಬುದು ಇನ್ನೊಂದು ಪ್ರಶ್ನೆ. ಜರ್ಮನಿಯ ಹಾನ್ಸ್ ಸ್ಪೆಮನ್ ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್ ನ್ಯೂಟ್ ಎಂಬ ಉಭಯಚರದ ಭ್ರೂಣದಲ್ಲಿ ಸೀಳಿನ ಮೇಲ್ತುಟಿಯನ್ನು ಕತ್ತರಿಸಿ ಇನ್ನೊಂದು ಭ್ರೂಣದ ಹೊಟ್ಟೆಯ ಬದಿಗೆ ಕಸಿ ಮಾಡಿದರು. ಆ ಭ್ರೂಣದಲ್ಲಿ ಹೊಟ್ಟೆಯ ಕಡೆಯೂ ಇನ್ನೊಂದು ಬೆನ್ನು, ಇನ್ನೊಂದು ನರಮಂಡಲ ಮೂಡಿತು. ಎರಡು ಬೇರೆ ಬಣ್ಣದ ಜಾತಿಗಳನ್ನು ಬಳಸಿದ್ದರಿಂದ ಹೊಸ ನರಮಂಡಲ ಕಸಿಯ ತುಣುಕಿನಿಂದಲ್ಲ, ಅತಿಥೇಯ ಭ್ರೂಣದ ಕೋಶಗಳಿಂದಲೇ ಆದದ್ದೆಂದು ಗೊತ್ತಾಯಿತು. ಅಂದರೆ ಆ ತುಟಿ ನೆರೆಹೊರೆಯ ಕೋಶಗಳಿಗೆ ಅಪ್ಪಣೆ ಕೊಡುತ್ತಿತ್ತು. 1924ರಲ್ಲಿ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಮಾಂಗೋಲ್ಡ್ ಮನೆಯ ಒಲೆಯ ಬೆಂಕಿ ಅವಘಡದಲ್ಲಿ ತೀರಿಕೊಂಡರು. ಸ್ಪೆಮನ್‌ಗೆ 1935ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಕನ್ನಡ ನಾಡಿನ ಕೊಡುಗೆ

ಕಪ್ಪೆಗಳ ಅಧ್ಯಯನದಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ 1910ರ ದಶಕದಲ್ಲಿಯೇ ದಕ್ಷಿಣ ಭಾರತದ ಗೊದಮೊಟ್ಟೆಗಳ ಕುರಿತು ಬರೆದರು. 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟದ್ದು ಅವರ ನೆನಪಿಗೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಸಂಗಡಿಗರು ಕಪ್ಪೆಗಳ ಸಂತಾನೋತ್ಪತ್ತಿ, ಗೊದಮೊಟ್ಟೆಗಳು ಒಡಹುಟ್ಟಿದವನ್ನು ಗುರುತಿಸುವ ಬಗೆ ಮುಂತಾದ ವಿಷಯಗಳಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದರು.

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ದೊರೆತು 2014ರಲ್ಲಿ ಹೆಸರು ಪಡೆದ ಕುಂಬಾರ ಕಪ್ಪೆ ಇನ್ನೊಂದು ಬೆರಗು. ನೀರಿನ ಮೇಲ್ಗಡೆ ಇಟ್ಟ ಮೊಟ್ಟೆಗಳಿಗೆ ಗಂಡು ಕಪ್ಪೆ ಕೈಯಾರೆ ಕೆಸರು ತಂದು ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು ದಾಖಲಿಸಿದರು. ಚಿಪ್ಪಿಲ್ಲದ ಮೊಟ್ಟೆಯನ್ನು ಕಾಪಾಡಲು ಒಂದು ಜೀವಿ ಇಷ್ಟು ಪಾಡುಪಡುತ್ತದೆ ಎಂದರೆ ಆ ಮೊದಲ ದಿನಗಳು ಎಷ್ಟು ಸೂಕ್ಷ್ಮವೆಂಬುದು ಅರ್ಥವಾಗುತ್ತದೆ.

ಗದ್ದೆಗೂ ಗರ್ಭಕ್ಕೂ ಒಂದೇ ಪಾಠ

ಬಯಲುಸೀಮೆಯ ಕಪ್ಪೆಗೆ ಕೆಸರಿನ ಕವಚವಿಲ್ಲ. ನಾಟಿಯ ಹೊತ್ತಿಗೆ ಗದ್ದೆಯ ನೀರಿಗೆ ಸೇರುವ ಗೊಬ್ಬರ, ಕಳೆನಾಶಕ, ಕೀಟನಾಶಕಗಳೆಲ್ಲ ಲೋಳೆಯ ಹೊದಿಕೆಯ ಸುತ್ತಲೇ ಇರುತ್ತವೆ. ರಾಸಾಯನಿಕಗಳು ಭ್ರೂಣಕ್ಕೆ ಹಾನಿ ಮಾಡುತ್ತವೆಯೇ ಎಂದು ತಿಳಿಯಲು ವಿಜ್ಞಾನಿಗಳು ಜೆನೋಪಸ್ ಭ್ರೂಣವನ್ನೇ ಅಳತೆಗೋಲಾಗಿ ಬಳಸುತ್ತಾರೆ. 96 ಗಂಟೆಗಳ ಈ ಪರೀಕ್ಷೆಯಲ್ಲಿ ಕೆಲವು ಆರ್ಗನೊಫಾಸ್ಫೇಟ್ ಕೀಟನಾಶಕಗಳು ಬೆನ್ನಿನ ಆಧಾರದಂಡವಾದ ನೋಟೊಕಾರ್ಡ್ ಸೊಟ್ಟಗಾಗುವಂತೆಯೂ ಮೈ ಗಿಡ್ಡವಾಗುವಂತೆಯೂ ಮಾಡಿದ್ದು ಕಂಡುಬಂದಿದೆ. ಸೊಟ್ಟಮೈಯ ಗೊದಮೊಟ್ಟೆ ಈಜಲಾರದು, ಬದುಕಲಾರದು.

ಇದರಿಂದ ರೈತನಿಗೇನು ನಷ್ಟ ಎಂದು ಕೇಳಬಹುದು. ಕಪ್ಪೆಯ ಕಾಲುಗಳ ರಫ್ತಿಗಾಗಿ ಒಂದು ಕಾಲಕ್ಕೆ ದೇಶದಲ್ಲಿ ಅಪಾರ ಸಂಖ್ಯೆಯ ಕಪ್ಪೆಗಳನ್ನು ಹಿಡಿಯಲಾಗುತ್ತಿತ್ತು. ಗದ್ದೆಯ ಕೀಟಗಳನ್ನು ತಿನ್ನುವ ಈ ಜೀವಿ ಕಡಿಮೆಯಾದರೆ ಬೆಳೆಗೆ ಕೇಡೆಂಬ ಆತಂಕ ಬಲವಾಗಿ ಕೇಂದ್ರ ಸರ್ಕಾರ 1987ರಲ್ಲಿ ರಫ್ತು ನಿಷೇಧಿಸಿತು. ಕೀಟ ತಿನ್ನುವ ಕಪ್ಪೆಯನ್ನು ಕೀಟನಾಶಕದಿಂದಲೇ ಕಳೆದುಕೊಳ್ಳುವುದು ಜಾಣತನವೆನಿಸದು. ಶಿಫಾರಸು ಮಾಡಿದ ಪ್ರಮಾಣವನ್ನು ಮೀರದಿರುವುದು, ಸಿಂಪರಣೆ ಮಾಡಿದ ನೀರನ್ನು ಕೂಡಲೇ ಕಾಲುವೆಗೆ ಬಿಡದಿರುವುದು, ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯದಿರುವುದು ಯಾರಿಗೂ ಭಾರವಾಗುವ ಕೆಲಸಗಳಲ್ಲ.

ಇನ್ನು ಮನುಷ್ಯನ ಮಾತು. ಗರ್ಭದ ಮೂರನೆಯ ವಾರದಲ್ಲಿ ನಮ್ಮಲ್ಲೂ ಮೂರು ಪದರಗಳ ವಲಸೆ ನಡೆಯುತ್ತದೆ. ಅದರ ಬೆನ್ನಿಗೇ ಹೊರಪದರದ ಒಂದು ಭಾಗ ಚಪ್ಪಟೆ ಹಾಳೆಯಿಂದ ಕೊಳವೆಯಾಗಿ ಸುರುಳಿಗೊಳ್ಳುತ್ತದೆ. ಮಿದುಳು ಮತ್ತು ಬೆನ್ನುಹುರಿಯಾಗುವ ಈ ನರಕೊಳವೆ ಸುಮಾರು 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಸೀಳುಬೆನ್ನಿನೊಡನೆ ಹುಟ್ಟಬಹುದು, ಕೆಲವೊಮ್ಮೆ ತಲೆಬುರುಡೆಯೇ ಪೂರ್ಣವಾಗದೆ ಬದುಕಲಾರದ ಸ್ಥಿತಿಯಲ್ಲಿ ಹುಟ್ಟಬಹುದು.

ಕೋಶಗಳು ನಡುಗೆರೆಯತ್ತ ತೂರಿ ಮೈಯನ್ನು ನೀಳಗೊಳಿಸುವ ನಡೆಯ ಮಹತ್ವ ಇಲ್ಲಿ ತಿಳಿಯುತ್ತದೆ. ಆ ನಡೆ ಕೆಟ್ಟ ಕಪ್ಪೆ ಮತ್ತು ಇಲಿಯ ಭ್ರೂಣಗಳಲ್ಲಿ ನರದ ಹಾಳೆ ಅಗಲವಾಗಿಯೇ ಉಳಿದು ಅದರ ಎರಡು ಅಂಚುಗಳು ಒಂದನ್ನೊಂದು ಮುಟ್ಟಲಾರವು. ಕೋಶಗಳಿಗೆ ದಿಕ್ಕು ತೋರಿಸುವ ವ್ಯಾಂಗಲ್-1 ಎಂಬ ವಂಶವಾಹಿಯ ದೋಷಗಳನ್ನು ನರಕೊಳವೆಯ ತೊಂದರೆಯುಳ್ಳ ಕೆಲವು ರೋಗಿಗಳಲ್ಲಿ 2007ರಲ್ಲಿ ಗುರುತಿಸಲಾಯಿತು. ಹೀಗೆ ಕಪ್ಪೆಯ ತಟ್ಟೆಯಲ್ಲಿ ಕಂಡದ್ದು ಆಸ್ಪತ್ರೆಯ ಹಾಸಿಗೆಯವರೆಗೆ ಬಂತು.

ಆದರೆ ಎಲ್ಲ ಪ್ರಕರಣಗಳಿಗೂ ವಂಶವಾಹಿಯೇ ಕಾರಣವಲ್ಲ. ಫೋಲಿಕ್ ಆಮ್ಲ ಎಂಬ ಬಿ ಗುಂಪಿನ ಜೀವಸತ್ವದ ಕೊರತೆಯೂ ಮುಖ್ಯ ಕಾರಣಗಳಲ್ಲೊಂದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಹಲವು ದೇಶಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 1991ರಲ್ಲಿ ಹೊರಬಂತು. ಹಿಂದೆ ಇಂತಹ ಮಗುವನ್ನು ಪಡೆದಿದ್ದ ತಾಯಂದಿರು ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲ ಸೇವಿಸಿದಾಗ ತೊಂದರೆ ಮರುಕಳಿಸುವ ಸಂಭವ ಶೇ. 72ರಷ್ಟು ಕಡಿಮೆಯಾಯಿತು. ಸಾಮಾನ್ಯವಾಗಿ ವೈದ್ಯರು ಸೂಚಿಸುವ ಪ್ರಮಾಣ ದಿನಕ್ಕೆ 400 ಮೈಕ್ರೊಗ್ರಾಂ. ಹಿಂದೆ ತೊಂದರೆಯಾಗಿದ್ದವರಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ವೈದ್ಯರ ಸಲಹೆ ಅಗತ್ಯ.

ಇಲ್ಲಿ ಸಮಯವೇ ಎಲ್ಲಕ್ಕಿಂತ ಮುಖ್ಯ. ಮುಟ್ಟು ತಪ್ಪಿ, ಅನುಮಾನ ಬಂದು, ಪರೀಕ್ಷೆ ಮಾಡಿಸಿ, ಆಸ್ಪತ್ರೆಗೆ ಹೋಗಿ ಹೆಸರು ನೋಂದಾಯಿಸುವ ಹೊತ್ತಿಗೆ ಸಾಮಾನ್ಯವಾಗಿ ಆರೆಂಟು ವಾರ ಕಳೆದಿರುತ್ತವೆ. ಅಷ್ಟರಲ್ಲಿ ಪದರಗಳ ವಲಸೆ ಮುಗಿದು ನರಕೊಳವೆ ಮುಚ್ಚಿರುತ್ತದೆ, ಅಥವಾ ಮುಚ್ಚದೆ ಉಳಿದಿರುತ್ತದೆ. ಆನಂತರ ನುಂಗುವ ಮಾತ್ರೆ ರಕ್ತಹೀನತೆಗೆ ಉಪಯುಕ್ತವೇ ಹೊರತು ತೆರೆದ ಕೊಳವೆಯನ್ನು ಮುಚ್ಚಲಾರದು. ಆದ್ದರಿಂದ ಮಗು ಬೇಕೆಂದು ಬಯಸುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮೊದಲೇ ಈ ಮಾತ್ರೆ ಆರಂಭಿಸಬೇಕು. ಮದುವೆಯ ಖರ್ಚಿನ ಪಟ್ಟಿಯಲ್ಲಿ ಕೆಲವೇ ರೂಪಾಯಿಗಳ ಈ ಮಾತ್ರೆಗೂ ಒಂದು ಸಾಲು ಇರಲಿ ಎಂದು ಹಿರಿಯರು ಯೋಚಿಸಿದರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೊಂದಿಲ್ಲ.

ಶಾಲಾ ಮಕ್ಕಳಿಗೂ ಇಲ್ಲೊಂದು ಅವಕಾಶವಿದೆ. ಕಪ್ಪೆಯನ್ನು ಕೊಯ್ದು ಕಲಿಯುವ ಕಾಲ ಮುಗಿದಿದೆ. ಮಳೆಗಾಲದಲ್ಲಿ ಗದ್ದೆಯ ಬದುವಿನಲ್ಲಿ ಕುಳಿತು, ಮೊಟ್ಟೆಗಳನ್ನು ನೀರಿನಿಂದ ತೆಗೆಯದೆ, ಒಂದು ಭೂತಗನ್ನಡಿಯಲ್ಲಿ ಎರಡು ಮೂರು ಗಂಟೆಗೊಮ್ಮೆ ನೋಡಿದರೆ ಸಾಕು. ಕಪ್ಪು ಬಣ್ಣ ಕೆಳಕ್ಕೆ ಇಳಿಯುತ್ತ, ಬಿಳಿ ಭಾಗ ಚುಕ್ಕೆಯಾಗಿ, ಚುಕ್ಕೆ ಬಿಂದುವಾಗಿ, ಕೊನೆಗೆ ಇಲ್ಲವಾಗುವುದು ಕಾಣುತ್ತದೆ.